ಜಿಮ್ಯಾಟ್ ಡೇಟಾ ಸಫಿಶಿಯೆನ್ಸಿ: ಈ ದೋಸೆ-ಕಾಫಿ ಲೆಕ್ಕಕ್ಕೆ ಉತ್ತರ ಎ ಹೇಗಾಗುತ್ತೆ?

ರಾತ್ರಿಪಾಳಿ
ಎಲ್ರಿಗೂ ನಮಸ್ಕಾರ. ಎಂಬಿಎ ಪ್ರವೇಶಕ್ಕೆ ಬರೆಯೋ ಜಿಮ್ಯಾಟ್ ಪರೀಕ್ಷೆಗೆ ತಯಾರಿ ಮಾಡ್ತಿದೀನಿ. ಕಣ್ಣಿರೋದು ಐಎಸ್‌ಬಿ ಅನ್ನೋ ಬಿಸಿನೆಸ್ ಸ್ಕೂಲ್ ಮೇಲೆ, ಆಗದಿದ್ರೆ ಬೆಂಗಳೂರು ಐಐಎಂನ ಒಂದು ವರ್ಷದ ಇಪಿಜಿಪಿ ಕೋರ್ಸ್. ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಕ್ವಾಂಟ್, ಅಂದ್ರೆ ಲೆಕ್ಕದ ವಿಭಾಗದ ಬಗ್ಗೆ ಚಿಂತೆಯಿಲ್ಲ. ಡೇಟಾ ಇನ್‌ಸೈಟ್ಸ್ ವಿಭಾಗದಲ್ಲಿ ಬರೋ ಡೇಟಾ ಸಫಿಶಿಯೆನ್ಸಿ ಮಾತ್ರ ಪ್ರತಿ ಮಾಕ್ ಟೆಸ್ಟ್‌ನಲ್ಲೂ ಕೈ ಕೊಡ್ತಿದೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆ. ಉತ್ತರ ಎಷ್ಟು ಅಂತ ಕೇಳಲ್ಲ, ಉತ್ತರ ಹೇಳೋಕೆ ಕೊಟ್ಟಿರೋ ಮಾಹಿತಿ ಸಾಕಾ ಅಂತ ಕೇಳ್ತಾರೆ. ಆಯ್ಕೆಗಳು ಯಾವಾಗಲೂ ಅವೇ ಐದು. ಎ ಅಂದ್ರೆ ಮೊದಲನೇ ಹೇಳಿಕೆ ಒಂದೇ ಸಾಕು, ಎರಡನೇದು ಒಂದೇ ಸಾಲದು. ಬಿ ಅದರ ಉಲ್ಟಾ. ಸಿ ಅಂದ್ರೆ ಬಿಡಿಬಿಡಿಯಾಗಿ ಸಾಲದು, ಸೇರಿಸಿದರೆ ಸಾಕು. ಡಿ ಅಂದ್ರೆ ಯಾವುದೇ ಒಂದಿದ್ರೂ ಸಾಕು. ಇ ಅಂದ್ರೆ ಎರಡೂ ಸೇರಿದರೂ ಸಾಲದು.

ಈಗ ಈ ಲೆಕ್ಕ ನೋಡಿ:

ಒಂದು ಹೋಟೆಲಲ್ಲಿ ಮಸಾಲೆ ದೋಸೆಗೆ 65 ರೂಪಾಯಿ, ಕಾಫಿಗೆ 22. ಒಂದು ಗುಂಪು ಬಂದು ಬರೀ ಮಸಾಲೆ ದೋಸೆ, ಕಾಫಿ ತಗೊಂಡಿತು. ತಗೊಂಡ ದೋಸೆ ಎಷ್ಟು?
(1) ಬಿಲ್ 283 ರೂಪಾಯಿ ಆಯ್ತು.
(2) ದೋಸೆ, ಕಾಫಿ ಎರಡೂ ಸೇರಿ 7.

ಎರಡು ಅಜ್ಞಾತ ಇದೆ, ಎರಡು ಸಮೀಕರಣ ಬೇಕು. ಬಿಲ್ ಒಂದು ಸಮೀಕರಣ, 7 ಅನ್ನೋದು ಇನ್ನೊಂದು. ಬಿಡಿಸಿದರೆ 3 ದೋಸೆ, 4 ಕಾಫಿ. ಅಂದ್ರೆ ಸಿ. ಆದರೆ ಉತ್ತರದ ಕೀನಲ್ಲಿ ಎ ಅಂತ ಕೊಟ್ಟಿದಾರೆ. ಕೀ ತಪ್ಪಿದೆ ಅಂತ ನನ್ನ ವಾದ. ಯಾರಾದ್ರೂ ಹೌದು ಅನ್ನಿ, ನೆಮ್ಮದಿಯಾಗಿ ಮಲಗ್ತೀನಿ.

ಕೆಂಗೇರಿ_ಎಕ್ಸ್‌ಪ್ರೆಸ್
ಮಲಗಬೇಡ ಗುರು. ಕೀ ಸರಿಯಾಗಿದೆ.

ಫಿಲ್ಟರ್‌ಕಾಪಿ
ಲೆಕ್ಕ ಆಮೇಲೆ. 22 ರೂಪಾಯಿಗೆ ಕಾಫಿ ಕೊಡೋ ಹೋಟೆಲ್ ಎಲ್ಲಿದೆ, ಮೊದಲು ಅಡ್ರೆಸ್ ಹಾಕಿ.

ಬಿಕಾಂ_ಹುಡುಗಿ
ನನಗೂ ಸಿ ಅಂತಾನೇ ಅನ್ಸುತ್ತೆ. ಒಂದೇ ಸಮೀಕರಣದಲ್ಲಿ ಎರಡು ಅಜ್ಞಾತ ಹೇಗೆ ಸಿಗುತ್ತೆ? ಹೈಸ್ಕೂಲಲ್ಲಿ ಹಾಗೆ ಹೇಳಿಕೊಟ್ಟಿಲ್ಲ.

ಹಳೇಮೇಷ್ಟ್ರು
ಹೈಸ್ಕೂಲಲ್ಲಿ ಹೇಳಿಕೊಟ್ಟಿದ್ದು ಸರಿಯೇ ಇದೆ ತಾಯಿ. ಆದರೆ ಅಲ್ಲಿ ಅಜ್ಞಾತಕ್ಕೆ ಯಾವ ಬೆಲೆ ಬೇಕಾದರೂ ಬರಬಹುದಿತ್ತು. ಇಲ್ಲಿ ಹಾಗಲ್ಲ. ಅರ್ಧ ದೋಸೆಗೆ, ಮುಕ್ಕಾಲು ಕಾಫಿಗೆ ಬಿಲ್ ಹಾಕೋದಿಲ್ಲ. ಎರಡೂ ಪೂರ್ಣಾಂಕ ಆಗಿರಲೇಬೇಕು. ಆ ಒಂದು ನಿಬಂಧನೆ ಪ್ರಶ್ನೆಯಲ್ಲಿ ಬರೆದಿಲ್ಲ, ಆದರೂ ಇದೆ.

ಒಂದೊಂದಾಗಿ ನೋಡಿ. ದೋಸೆ ಸೊನ್ನೆ ಅಂದರೆ 283 ರೂಪಾಯಿ ಪೂರ್ತಿ ಕಾಫಿಗೆ ಹೋಗಬೇಕು, 283 ಅನ್ನು 22 ಭಾಗಿಸೋದಿಲ್ಲ. ಒಂದು ದೋಸೆ ಅಂದರೆ ಉಳಿದದ್ದು 218, ಅದೂ ಆಗೋದಿಲ್ಲ. ಎರಡು ಅಂದರೆ 153, ಇಲ್ಲ. ಮೂರು ಅಂದರೆ 88, ಸರಿಯಾಗಿ ನಾಲ್ಕು ಕಾಫಿ. ನಾಲ್ಕು ದೋಸೆ ಅಂದರೆ 23 ಉಳಿಯುತ್ತೆ, ಒಂದು ಕಾಫಿ ಕುಡಿದು ಒಂದು ರೂಪಾಯಿ ಮಿಕ್ಕುತ್ತೆ. ಐದಕ್ಕೆ ಬಿಲ್ಲೇ ದಾಟಿಹೋಯಿತು. ಆದ್ದರಿಂದ ಮೊದಲನೇ ಹೇಳಿಕೆಯೊಂದೇ 3 ಅಂತ ಖಚಿತವಾಗಿ ಹೇಳುತ್ತೆ. ಎರಡನೇ ಹೇಳಿಕೆ ಒಂದರಿಂದಲೇ ಏನೂ ಗೊತ್ತಾಗೋದಿಲ್ಲ. ಉತ್ತರ ಎ.

ಪ್ರಶ್ನೆ ಮಾಡಿದವರು ಆ "7" ಇಟ್ಟಿದ್ದೇ ನಿಮ್ಮಂಥ ಎಂಜಿನಿಯರುಗಳಿಗಾಗಿ. ಸಿ ಅಂತ ಬಾಯಿಗೆ ಬರಲಿ ಅಂತ.

ರಾತ್ರಿಪಾಳಿ
ಮೇಷ್ಟ್ರೇ, ಒಪ್ಕೊಂಡೆ. ಆದರೆ ಹೀಗೆ ಒಂದೊಂದೇ ಹಾಕಿ ನೋಡೋಕೆ ಟೈಮ್ ಎಲ್ಲಿದೆ? ಡೇಟಾ ಇನ್‌ಸೈಟ್ಸ್‌ನಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ. ಒಂದಕ್ಕೆ ಎರಡೂ ಕಾಲು ನಿಮಿಷ. ಅದರಲ್ಲೇ ಮೂರು ಟ್ಯಾಬ್ ತೆಗೆದು ಓದೋ ಮಲ್ಟಿ ಸೋರ್ಸ್ ರೀಸನಿಂಗ್ ಬೇರೆ. ಅದು ಅರ್ಧ ಟೈಮ್ ತಿಂದುಹಾಕುತ್ತೆ.

ಕೆಂಗೇರಿ_ಎಕ್ಸ್‌ಪ್ರೆಸ್
ಆ ವಿಭಾಗದಲ್ಲಿ ಸ್ಕ್ರೀನ್ ಮೇಲೆ ಕ್ಯಾಲ್ಕುಲೇಟರ್ ಕೊಡ್ತಾರಲ್ಲ. ಐದು ಸಲ ಭಾಗಿಸೋಕೆ ಎಷ್ಟು ಹೊತ್ತು?

ಸೊನ್ನೆ
ಭಾಗಿಸೋದೇ ಬೇಡ. 65ಕ್ಕೂ 22ಕ್ಕೂ ಸಾಮಾನ್ಯ ಅಪವರ್ತನ ಇಲ್ಲ. ಹಾಗಿರುವಾಗ ಬಿಲ್ ಬದಲಾಗದೆ ಇನ್ನೊಂದು ಉತ್ತರ ಬರಬೇಕಾದರೆ 22 ದೋಸೆ ಹೆಚ್ಚಿಸಿ 65 ಕಾಫಿ ಇಳಿಸಬೇಕು, ಇಲ್ಲ ಅದರ ಉಲ್ಟಾ. ಬೇರೆ ದಾರಿಯೇ ಇಲ್ಲ. 22 ದೋಸೆಗೇ 1430 ರೂಪಾಯಿ ಆಯಿತು. ಅಂದರೆ ಬಿಲ್ 1430ಕ್ಕಿಂತ ಕಮ್ಮಿ ಇದ್ದರೆ ಎರಡು ಉತ್ತರ ಇರೋಕೆ ಸಾಧ್ಯವೇ ಇಲ್ಲ. 283 ಎಲ್ಲಿ, 1430 ಎಲ್ಲಿ. ದೋಸೆ ಎಷ್ಟು ಅಂತ ನಾನು ಇನ್ನೂ ಲೆಕ್ಕ ಹಾಕಿಲ್ಲ, ಆದರೂ ಎ ಅಂತ ಟಿಕ್ ಮಾಡಿ ಮುಂದಕ್ಕೆ ಹೋಗ್ತೀನಿ.

ಅದೇ ದೋಸೆ 60, ಕಾಫಿ 20 ಅಂತ ಇದ್ದಿದ್ರೆ ಕತೆ ಬೇರೆ. ಒಂದು ದೋಸೆ ಬಿಟ್ಟು ಮೂರು ಕಾಫಿ ಕುಡಿದರೂ ಬಿಲ್ ಅಷ್ಟೇ. ಆಗ ಸಿ ಸರಿ. ಬೆಲೆ ನೋಡಿದ ತಕ್ಷಣ ಮನಸ್ಸಿಗೆ ಬರಬೇಕಾದ್ದು ಇದು. ಉರುಟು ಸಂಖ್ಯೆ ಕೊಟ್ಟಿದ್ರೆ ಸಾಮಾನ್ಯವಾಗಿ ಸಿ, 65, 22, 29 ಅಂತ ಡೊಂಕು ಸಂಖ್ಯೆ ಕೊಟ್ಟಿದ್ರೆ ಏನೋ ಮಸಲತ್ತು ಇದೆ ಅಂತ ಅರ್ಥ.

ಬಿಕಾಂ_ಹುಡುಗಿ
ಅಕ್ಕಾ, ಇದು ಚೆನ್ನಾಗಿದೆ. ಆದರೆ ಆ 283ಕ್ಕೆ ಉತ್ತರವೇ ಇಲ್ಲದೆ ಇದ್ದರೆ?

ಸೊನ್ನೆ
ಜಿಮ್ಯಾಟ್‌ನಲ್ಲಿ ಹೇಳಿಕೆ ಅಂದ್ರೆ ಸತ್ಯ. ಬಿಲ್ 283 ಆಯ್ತು ಅಂದಮೇಲೆ ಒಂದು ಉತ್ತರವಂತೂ ಇದ್ದೇ ಇರುತ್ತೆ. ಎರಡನೇದು ಇದೆಯಾ ಅನ್ನೋದಷ್ಟೇ ನಮ್ಮ ತಲೆನೋವು.

ಕಡಲತಡಿ
ಇಷ್ಟೆಲ್ಲ ಬುದ್ಧಿ ಓಡಿಸುವ ಅಗತ್ಯ ಉಂಟಾ ಮಾರಾಯ್ರೆ? ಎಲ್ಲ ಪ್ರಶ್ನೆಗೂ ಇಂಥ ಸೂತ್ರ ಹುಡುಕ್ತಾ ಕೂತ್ರೆ ಪರೀಕ್ಷೆ ಮುಗಿದು ಮನೆಗೆ ಹೋಗಿ ಊಟ ಮಾಡುವಾಗ ಹೊಳೆಯುತ್ತದೆ. ನಾನು ಹೇಳುವುದು ಕ್ರಮದ ವಿಷಯ. ಮೊದಲನೇ ಹೇಳಿಕೆ ಮಾತ್ರ ಓದಿ, ಎರಡನೇದನ್ನು ಕೈಯಲ್ಲಿ ಮುಚ್ಚಿ. ಸಾಕು ಅಂತಾದ್ರೆ ಉತ್ತರ ಎ ಅಥವಾ ಡಿ. ಸಾಲದು ಅಂತಾದ್ರೆ ಬಿ, ಸಿ, ಇ. ಒಂದೇ ಏಟಿಗೆ ಎರಡೋ ಮೂರೋ ಆಯ್ಕೆ ಹೋಯಿತು. ಆಮೇಲೆ ಮೊದಲನೇದನ್ನು ಪೂರ್ತಿ ಮರೆತು ಎರಡನೇದನ್ನು ಓದಿ. ಎರಡನ್ನೂ ಸೇರಿಸುವುದು ಕಟ್ಟಕಡೆಗೆ, ಅದೂ ಎರಡೂ ಬೇರೆಬೇರೆಯಾಗಿ ಸೋತ ಮೇಲೆ ಮಾತ್ರ.

ನಮ್ಮವರು ಮಾಡುವುದೇನು? ಎರಡನ್ನೂ ಒಟ್ಟಿಗೆ ಓದಿ, ಒಟ್ಟಿಗೆ ಬಿಡಿಸಿ, ಉತ್ತರ ಬಂತು ಅಂತ ಸಿ ಹಾಕುವುದು. ರಾತ್ರಿಪಾಳಿಯವರು ಮಾಡಿದ್ದು ಸಹ ಅದೇ.

ಹಳೇಮೇಷ್ಟ್ರು
ಕಡಲತಡಿಯವರು ಹೇಳಿದ್ದರಲ್ಲಿ "ಮರೆತು" ಅನ್ನೋ ಮಾತಿಗೆ ಅಡಿಗೆರೆ ಹಾಕಿ. ಮೊದಲನೇ ಹೇಳಿಕೆಯಲ್ಲಿ ಎಕ್ಸ್ ಧನಸಂಖ್ಯೆ ಅಂತ ಇರುತ್ತೆ. ಎರಡನೇದರಲ್ಲಿ ಎಕ್ಸ್‌ನ ವರ್ಗ 9 ಅಂತ. ಹುಡುಗರು ಎರಡನೇದನ್ನು ನೋಡಿ "3, ಸಾಕು" ಅಂತಾರೆ. ಮೈನಸ್ 3 ಎಲ್ಲಿ ಹೋಯ್ತು? ಮೊದಲನೇ ಹೇಳಿಕೆ ತಲೆಯಲ್ಲೇ ಕೂತಿತ್ತು, ಅದು ತಿಂದುಹಾಕಿತು.

ಇನ್ನೊಂದು. ಅಡುಗೆ ಮಾಡಿ ಬಡಿಸಿ ಅಂತ ಯಾರೂ ಕೇಳ್ತಾ ಇಲ್ಲ, ಡಬ್ಬಗಳನ್ನ ತೆಗೆದು ಸಾಮಾನು ಇದೆಯಾ ಅಂತ ನೋಡಿದರೆ ಮುಗೀತು. ಒಂದೇ ಉತ್ತರ ಬರುತ್ತೆ ಅಂತ ಖಾತ್ರಿಯಾದ ಕ್ಷಣ ಪೆನ್ ಕೆಳಗಿಡಿ.

ಸೊನ್ನೆ
ಇಲ್ಲಿ ಮೇಷ್ಟ್ರ ಜೊತೆ ನನ್ನ ಜಗಳ. ಪೆನ್ ಕೆಳಗಿಡಿ ಅನ್ನೋದು ಸರಿ, ಆದರೆ ಖಾತ್ರಿ ಆಗಿದೆಯಾ ಅನ್ನೋದನ್ನ ಯಾರು ಹೇಳೋರು? "ಎರಡು ಅಜ್ಞಾತ, ಎರಡು ಸಮೀಕರಣ, ಸಾಕು" ಅಂತ ಪೆನ್ ಇಟ್ಟವರೇ ಹೆಚ್ಚು ಬೀಳೋದು.

2 ಪೆನ್ನು, 3 ನೋಟ್‌ಬುಕ್ ಸೇರಿ 120 ರೂಪಾಯಿ. 4 ಪೆನ್ನು, 6 ನೋಟ್‌ಬುಕ್ ಸೇರಿ 240 ರೂಪಾಯಿ. ಪೆನ್ನಿನ ಬೆಲೆ ಎಷ್ಟು? ಎರಡು ಸಮೀಕರಣ ಇದೆ, ಹೌದು. ಆದರೆ ಎರಡನೇದು ಮೊದಲನೇದರ ದುಪ್ಪಟ್ಟು, ಹೊಸದೇನನ್ನೂ ಹೇಳಲ್ಲ. ಉತ್ತರ ಇ.

ಅದರ ಉಲ್ಟಾನೂ ಇದೆ. ಒಂದು ಪೆನ್ನು, ಒಂದು ನೋಟ್‌ಬುಕ್ ಸೇರಿ ಎಷ್ಟು ಅಂತ ಕೇಳಿ, 3 ಪೆನ್ನು 3 ನೋಟ್‌ಬುಕ್ 150 ಅಂತ ಕೊಡ್ತಾರೆ. ಪೆನ್ನಿನ ಬೆಲೆ ಗೊತ್ತಿಲ್ಲ, ನೋಟ್‌ಬುಕ್ಕಿನದೂ ಗೊತ್ತಿಲ್ಲ, ಆದರೂ ಸೇರಿಸಿ 50. ಒಂದೇ ಸಮೀಕರಣ ಸಾಕು. ಸಮೀಕರಣ ಎಣಿಸಬೇಡಿ, ಕೇಳಿದ್ದೇನು ಅಂತ ನೋಡಿ.

ಹಳೇಮೇಷ್ಟ್ರು
ಇದಕ್ಕೆ ನನ್ನ ತಕರಾರಿಲ್ಲ. ಇಪ್ಪತ್ತು ಸೆಕೆಂಡು ಹೆಚ್ಚಾದರೂ ಪರವಾಗಿಲ್ಲ, ಪರೀಕ್ಷಿಸಿಯೇ ಇಡಿ. ಆದರೆ ಕೊನೇ ದಶಮಾಂಶದವರೆಗೂ ಬಿಡಿಸುವ ಚಟ ಬಿಡಿ.

ಪೇಡೆಪ್ರಿಯ
ಎಲ್ಲಾರಿಗೂ ಶರಣ್ರಿ. ನಾ ಬ್ಯಾಂಕ್ ಪಿಒ ಪರೀಕ್ಷಾಕ್ಕ ಓದಾಕತ್ತೀನಿ, ಜಿಮ್ಯಾಟ್ ಗೀಮ್ಯಾಟ್ ಗೊತ್ತಿಲ್ಲ. ಆದ್ರ ಈ ಡೇಟಾ ಸಫಿಶಿಯೆನ್ಸಿ ನಮಗೂ ರೀಸನಿಂಗ್‌ನ್ಯಾಗ ಬರತೈತಿ. ಒಂದು ಮಾತು ಹೇಳ್ಬೇಕಂತ ಬಂದೆ. ನೀವು ಹೇಳಿದ ಆಯ್ಕೆ ಕ್ರಮ ನಮ್ಮ ಕಡೆ ಬ್ಯಾರೆ ಐತ್ರಿ. ನಮ್ಮಲ್ಲಿ ಸಾಮಾನ್ಯ ಮೂರನೇದು "ಯಾವುದರೆ ಒಂದು ಸಾಕು", ನಾಕನೇದು "ಎರಡೂ ಸೇರಿದ್ರೂ ಸಾಲೂದಿಲ್ಲ", ಐದನೇದು "ಎರಡೂ ಬೇಕು". ಎರಡೂ ಪರೀಕ್ಷಾ ಬರಿಯೋರು ಕ್ರಮ ಬಾಯಿಪಾಠ ಮಾಡಿ ಕಣ್ಮುಚ್ಚಿ ಒತ್ತಿದ್ರ ಮುಗೀತು ನೋಡ್ರಿ.

ಕಡಲತಡಿ
ಇದು ಒಳ್ಳೆಯ ಪಾಯಿಂಟ್. ಜಿಮ್ಯಾಟ್ ಮಾತ್ರ ಬರೆಯುವವರು ಕ್ರಮ ಬಾಯಿಪಾಠ ಮಾಡಲೇಬೇಕು: ಒಂದನೇದು, ಎರಡನೇದು, ಒಟ್ಟಿಗೆ, ಯಾವುದಾದರೂ, ಯಾವುದೂ ಇಲ್ಲ. ಪ್ರತಿ ಪ್ರಶ್ನೆಗೂ ಆ ಐದು ವಾಕ್ಯ ಓದುತ್ತಾ ಕೂತ್ರೆ ಅಷ್ಟು ಹೊತ್ತು ದಂಡ. ಬ್ಯಾಂಕಿನದ್ದೂ ಬರೆಯುವವರು ದಯವಿಟ್ಟು ಪ್ರತಿ ಸಲ ಓದಿ.

ಕೆಂಗೇರಿ_ಎಕ್ಸ್‌ಪ್ರೆಸ್
ಎಲ್ಲರೂ ಬರೀ "ಎಷ್ಟು" ಅನ್ನೋ ಪ್ರಶ್ನೆ ಹಿಡ್ಕೊಂಡಿದೀರ. "ಹೌದಾ, ಅಲ್ವಾ" ಅನ್ನೋ ಪ್ರಶ್ನೆಲಿ ಇನ್ನೂ ಮಜಾ ಇದೆ. ಇದನ್ನ ಮಾಡಿ:

ಒಂದು ಬೇಕರಿ ದಿನಾ ತೆರೆದಿರುತ್ತೆ. ಅದರ ಮಾರ್ಚ್ ತಿಂಗಳ ಒಟ್ಟು ವ್ಯಾಪಾರ ಅದೇ ವರ್ಷದ ಫೆಬ್ರವರಿಗಿಂತ ಹೆಚ್ಚಿತ್ತಾ?
(1) ಮಾರ್ಚ್‌ನಲ್ಲಿ ದಿನದ ಸರಾಸರಿ ವ್ಯಾಪಾರ ಫೆಬ್ರವರಿಗಿಂತ 10% ಕಮ್ಮಿ.
(2) ಆ ವರ್ಷ 2024.

ಬಿಕಾಂ_ಹುಡುಗಿ
ಫೆಬ್ರವರಿಲಿ ದಿನಕ್ಕೆ 100 ಅಂದ್ಕೊಳ್ಳೋಣ. 28 ದಿನಕ್ಕೆ 2800, ಅಧಿಕ ವರ್ಷ ಆದ್ರೆ 2900. ಮಾರ್ಚ್‌ನಲ್ಲಿ 90 ಇಂಟು 31, ಅಂದ್ರೆ 2790. ಎರಡರಲ್ಲೂ ಮಾರ್ಚೇ ಕಮ್ಮಿ. "ಹೆಚ್ಚಿತ್ತಾ" ಅಂದ್ರೆ ಇಲ್ಲ ಅಂತ ಬಂತು. ಹಾಗಾದ್ರೆ ಮೊದಲನೇದು ಸಾಲದು ಅಲ್ವಾ?

ಕೆಂಗೇರಿ_ಎಕ್ಸ್‌ಪ್ರೆಸ್
ಬಲೆಗೆ ಬಿದ್ರಿ.

ಬಿಕಾಂ_ಹುಡುಗಿ
ಯಾಕೆ ಸಾರ್? ಪ್ರಶ್ನೆಗೆ ಉತ್ತರ "ಇಲ್ಲ" ತಾನೇ?

ಸೊನ್ನೆ
ಉತ್ತರ "ಇಲ್ಲ" ಅಂತ ಖಚಿತವಾಗಿ ಸಿಕ್ಕಿತಲ್ಲ, ಅದೇ ಸಾಕಾಗೋದು. ಯಾವಾಗಲೂ ಹೌದು ಅಂತ ಬಂದ್ರೂ ಸಾಕು, ಯಾವಾಗಲೂ ಇಲ್ಲ ಅಂತ ಬಂದ್ರೂ ಸಾಕು. ಒಮ್ಮೆ ಹೌದು ಒಮ್ಮೆ ಇಲ್ಲ ಅಂತ ಬಂದರೆ ಮಾತ್ರ ಸಾಲದು. ಇಲ್ಲಿ ವರ್ಷ ಯಾವುದೇ ಇರಲಿ ಮಾರ್ಚ್ ಸೋಲುತ್ತೆ, ಆದ್ದರಿಂದ ಎ.

ಕೆಂಗೇರಿಯವರ ಪ್ರಶ್ನೆಯಲ್ಲಿ 10 ತೆಗೆದು 8 ಹಾಕಿ ನೋಡಿ, ನಿಜವಾದ ಮಜಾ ಅಲ್ಲಿದೆ. 92 ಇಂಟು 31 ಅಂದರೆ 2852. ಸಾಮಾನ್ಯ ವರ್ಷದ 2800ಕ್ಕಿಂತ ಹೆಚ್ಚು, ಅಧಿಕ ವರ್ಷದ 2900ಕ್ಕಿಂತ ಕಮ್ಮಿ. ಈಗ ವರ್ಷ ಗೊತ್ತಿಲ್ಲದೆ ಹೇಳೋಕೆ ಆಗಲ್ಲ. 2024 ಅಧಿಕ ವರ್ಷ, ಅದು ಸೇರಿದರೆ "ಇಲ್ಲ" ಅಂತ ಖಚಿತ. ಉತ್ತರ ಸಿ. 5% ಅಂತ ಹಾಕಿದರೆ 2945, ಎರಡೂ ಕಡೆ ಮಾರ್ಚ್ ಗೆಲ್ಲುತ್ತೆ, ಮತ್ತೆ ಎ.

ಕೆಂಗೇರಿ_ಎಕ್ಸ್‌ಪ್ರೆಸ್
ಅಮ್ಮಾ ತಾಯಿ, ನೀವು ಪ್ರಶ್ನೆಪತ್ರಿಕೆ ಸೆಟ್ ಮಾಡೋ ಕಡೆ ಇರಬೇಕಿತ್ತು.

ಪೇಡೆಪ್ರಿಯ
ನನ್ನದೊಂದು ಪ್ರಶ್ನೆ ತಗೋರಿ. ಹುಡುಗನ ಪಗಾರ ಎಷ್ಟು? (1) ಬೆಂಗಳೂರಾಗ ಸ್ವಂತ ಮನಿ ಐತಿ. (2) ಹುಡುಗನ ಅವ್ವ "ಭಾಳ ಅದ" ಅಂತಾರ.

ಫಿಲ್ಟರ್‌ಕಾಪಿ
ಇ. ಆದರೂ ಹುಡುಗಿ ಕಡೆಯವರು ಡಿ ಅಂತ ಮದುವೆ ಮಾಡಿ ಮುಗಿಸ್ತಾರೆ.

ರಾತ್ರಿಪಾಳಿ
😀 ಮದುವೆ ಬಿಡಿ. ಈ ದೋಸೆ ಪ್ರಶ್ನೆಲಿ ಪೂರ್ಣಾಂಕ ಅನ್ನೋದು ಬರೆದಿರಲಿಲ್ಲ, ನಾವೇ ಊಹಿಸ್ಕೊಂಡ್ವಿ. ಹಾಗಾದ್ರೆ ಯಾವಾಗ ಊಹಿಸಬಹುದು, ಯಾವಾಗ ಊಹಿಸಬಾರದು? ನಿಯಮ ಏನಾದ್ರೂ ಇದೆಯಾ?

ಹಳೇಮೇಷ್ಟ್ರು
ಎಣಿಸುವ ವಸ್ತುವಾದರೆ ಪೂರ್ಣಾಂಕ: ಜನ, ದೋಸೆ, ಟಿಕೆಟ್, ಬಸ್ಸು. ಅಳೆಯುವ ವಸ್ತುವಾದರೆ ಅಲ್ಲ: ಕಿಲೋ, ಲೀಟರ್, ಗಂಟೆ. ನಿಮ್ಮ ಲೆಕ್ಕದಲ್ಲೇ ದೋಸೆ, ಕಾಫಿ ತೆಗೆದು ಕಿಲೋಗೆ 65 ರೂಪಾಯಿಯ ಅಕ್ಕಿ, 22 ರೂಪಾಯಿಯ ಈರುಳ್ಳಿ ಅಂತ ಹಾಕಿ. ಬಿಲ್ 283 ಅಂದರೆ ಏನು ಗೊತ್ತಾಯಿತು? ಎರಡೂವರೆ ಕಿಲೋ ಅಕ್ಕಿ ಇರಬಹುದು, ಮುಕ್ಕಾಲು ಕಿಲೋ ಇರಬಹುದು. ಆಗ ಒಟ್ಟು 7 ಕಿಲೋ ಅನ್ನೋದು ಬೇಕೇ ಬೇಕು, ಉತ್ತರ ಸಿ. ಅಂಕಿ ಒಂದೂ ಬದಲಾಗಲಿಲ್ಲ, ಉತ್ತರ ಬದಲಾಯಿತು.

ಇನ್ನು ಬರೀ ಎಕ್ಸ್, ವೈ ಅಂತ ಕೊಟ್ಟು ಬೇರೇನೂ ಹೇಳದಿದ್ದರೆ ಏನನ್ನೂ ಊಹಿಸಬೇಡಿ. ಸೊನ್ನೆ, ಒಂದು, ಅರ್ಧ, ಮೈನಸ್ ಅರ್ಧ, ಮೈನಸ್ ಎರಡು, ಇವಿಷ್ಟನ್ನು ಹಾಕಿ ನೋಡಿ. ವರ್ಗ ಮಾಡಿದರೆ ಸಂಖ್ಯೆ ದೊಡ್ಡದಾಗುತ್ತೆ ಅನ್ನೋ ನಂಬಿಕೆ ಅರ್ಧದ ಹತ್ತಿರ ಬಂದಾಗ ಮುರಿಯುತ್ತೆ. ಎಕ್ಸ್ ಇಂಟು ವೈ ಸಮ 3 ವೈ ಅಂತ ಕಂಡರೆ ಎರಡೂ ಕಡೆ ವೈ ಹೊಡೆದುಹಾಕಿ ಎಕ್ಸ್ 3 ಅನ್ನೋರು ತರಗತಿಗೆ ಹತ್ತು ಜನ ಸಿಗ್ತಾರೆ. ವೈ ಸೊನ್ನೆ ಆಗಿದ್ದರೆ ಎಕ್ಸ್ ಏನು ಬೇಕಾದರೂ ಆಗಬಹುದು.

ಹಳೆಬುಕ್ಕು
ತಡವಾಗಿ ಬಂದೆ. ನಮ್ಮ ಮನೆಯಲ್ಲಿ ಅಣ್ಣನ ಹಳೇ ಜಿಮ್ಯಾಟ್ ಪುಸ್ತಕ ಇದೆ. ಅದರಲ್ಲಿ ಡೇಟಾ ಸಫಿಶಿಯೆನ್ಸಿ ಕ್ವಾಂಟ್ ಒಳಗೇ ಇದೆ, ಒಟ್ಟು 37 ಪ್ರಶ್ನೆಗೆ 75 ನಿಮಿಷ ಅಂತ ಬರೆದಿದೆ. ನೀವೆಲ್ಲ ಬೇರೆ ಏನೋ ಹೇಳ್ತಿದೀರ. ಆ ಪುಸ್ತಕ ಓದಬಹುದಾ?

ಕಡಲತಡಿ
ಅದು 2018ಕ್ಕಿಂತ ಮುಂಚಿನದ್ದು. 2023ರ ನವೆಂಬರಿನಲ್ಲಿ ಜಿಮ್ಯಾಟ್‌ನ ಹೊಸ ರೂಪ ಫೋಕಸ್ ಎಡಿಷನ್ ಬಂತು, 2024ರ ಜನವರಿ ಮುಗಿಯುವಾಗ ಹಳೆಯದ್ದು ನಿಂತಿತು. ಈಗ ಕ್ವಾಂಟ್, ವರ್ಬಲ್, ಡೇಟಾ ಇನ್‌ಸೈಟ್ಸ್, ಮೂರಕ್ಕೂ 45 ನಿಮಿಷ. ಪ್ರಬಂಧ ಇಲ್ಲ. ಜ್ಯಾಮಿತಿಯನ್ನು ಕ್ವಾಂಟ್‌ನಿಂದ ತೆಗೆದಿದ್ದಾರೆ. ಡೇಟಾ ಸಫಿಶಿಯೆನ್ಸಿ ಕ್ವಾಂಟ್ ಬಿಟ್ಟು ಡೇಟಾ ಇನ್‌ಸೈಟ್ಸ್‌ಗೆ ಹೋಗಿದೆ. ಅಂಕವೂ ಈಗ 205ರಿಂದ 805, ಹೊಸ 645 ಅಂದ್ರೆ ಸುಮಾರಾಗಿ ಹಳೇ 700ಕ್ಕೆ ಸಮ. ನಿಮ್ಮ ಅಣ್ಣ 700 ತೆಗೆದಿದ್ದು ಅಂತ ಮನೆಯಲ್ಲಿ ಹೋಲಿಸಿದರೆ ಇದನ್ನು ತೋರಿಸಿ.

ಹಳೇ ಪುಸ್ತಕದ ಲೆಕ್ಕ ಅಭ್ಯಾಸಕ್ಕೆ ಖಂಡಿತ ಆಗ್ತದೆ, ತರ್ಕ ಅದೇ. ತ್ರಿಕೋನ, ವೃತ್ತದ್ದು ಬಂದ್ರೆ ಹಾರಿಸಿ ಮುಂದೆ ಹೋಗಿ.

ರಾತ್ರಿಪಾಳಿ
ಹೊಸದರಲ್ಲಿ ಬರೀ ಬೀಜಗಣಿತ ಕಮ್ಮಿ, ಕತೆ ಜಾಸ್ತಿ. ಕಂಪನಿ, ಗೋದಾಮು, ಸರ್ವೇ ಅಂತ. ಕೆಲವದರಲ್ಲಿ ಲೆಕ್ಕವೇ ಇರಲ್ಲ, ಬರೀ ತರ್ಕ. ಅದೇ ನನಗೆ ಕಷ್ಟ.

ಕೆಂಗೇರಿ_ಎಕ್ಸ್‌ಪ್ರೆಸ್
ಇನ್ನೊಂದು ಅನುಕೂಲ ಇದೆ. ವಿಭಾಗ ಮುಗಿಸಿ ಟೈಮ್ ಉಳಿದ್ರೆ ಹಿಂದಕ್ಕೆ ಹೋಗಿ 3 ಉತ್ತರದ ತನಕ ಬದಲಾಯಿಸಬಹುದು. ಎ ಅಥವಾ ಸಿ ಅಂತ ಒದ್ದಾಡಿಸೋ ಪ್ರಶ್ನೆಗೆ ಬುಕ್‌ಮಾರ್ಕ್ ಹಾಕಿ ಮುಂದಕ್ಕೆ ಓಡಿ.

ಸೊನ್ನೆ
ಟೈಮ್ ಉಳಿಯೋದು ಯಾರಿಗೆ?

ದೀಪಾವಳಿಗೆ_ಕ್ಯಾಟ್
ಐಐಎಂ ಪ್ರವೇಶದ ಕ್ಯಾಟ್‌ಗೆ ಇದೆಲ್ಲ ಬೇಕಾ? ಅಲ್ಲೂ ಡೇಟಾ ಸಫಿಶಿಯೆನ್ಸಿ ಬರುತ್ತಾ?

ಕಡಲತಡಿ
ಹಳೇ ಕಾಗದದ ಕ್ಯಾಟ್ ಪ್ರಶ್ನೆಪತ್ರಿಕೆಗಳಲ್ಲಿ ಬೇಕಾದಷ್ಟು ಉಂಟು. ಈಗ ದತ್ತಾಂಶ, ತರ್ಕದ ವಿಭಾಗವಾದ ಡಿಐಎಲ್‌ಆರ್‌ನಲ್ಲಿ ಹೆಚ್ಚಾಗಿ ಸೆಟ್‌ಗಳೇ (ಒಂದೇ ಮಾಹಿತಿಯ ಮೇಲೆ ಹಲವು ಪ್ರಶ್ನೆ), ಆ ವಿಭಾಗಕ್ಕೆ 40 ನಿಮಿಷ. ಎನ್‌ಮ್ಯಾಟ್ ಅನ್ನುವ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆ ಬರೆಯುವುದಾದರೆ ಇದನ್ನು ಓದಲೇಬೇಕು. ಅಂಥದ್ದೇ ಪರೀಕ್ಷೆಯಾದ ಎಕ್ಸ್‌ಎಟಿಯಲ್ಲಿ ಸಹ ಒಂದೋ ಎರಡೋ ಬಂದದ್ದುಂಟು. ಕ್ಯಾಟ್ ಒಂದೇ ಆದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಸೆಟ್ ಆರಿಸುವುದನ್ನು ಕಲಿಯಿರಿ.

ಸೊನ್ನೆ
ಒಪ್ಪಲ್ಲ. ಕ್ಯಾಟ್ ಸೆಟ್‌ನ ಕೊನೇ ಪ್ರಶ್ನೆಲಿ "ಈ ಕೆಳಗಿನ ಯಾವ ಮಾಹಿತಿ ಸಿಕ್ಕರೆ ಎಲ್ಲರ ಜಾಗ ಖಚಿತವಾಗಿ ಹೇಳಬಹುದು" ಅಂತ ಕೇಳಿದರೆ ಅದು ಇದೇ ಅಲ್ವಾ? ವೇಷ ಬೇರೆ.

ಮೈಸೂರು_ಪಾಕ
ಈ ಪ್ರಶ್ನೆ ನೋಡಿ ಹೇಳಿ. ಒಬ್ಬ ಬೆಂಗಳೂರಿಂದ ಮೈಸೂರಿಗೆ ಕಾರಲ್ಲಿ ಹೋಗಿ ಅದೇ ದಾರಿಲಿ ವಾಪಸ್ ಬಂದ. ಇಡೀ ಪ್ರಯಾಣದ ಸರಾಸರಿ ವೇಗ ಎಷ್ಟು? (1) ಹೋಗುವಾಗ ಗಂಟೆಗೆ ಸರಾಸರಿ 60 ಕಿಮೀ, ಬರುವಾಗ 40. (2) ಒಂದು ಕಡೆಯ ದೂರ 145 ಕಿಮೀ. ನಮ್ಮ ಕೋಚಿಂಗ್‌ನಲ್ಲಿ ಸಿ ಅಂತ ಹೇಳಿ ಬಿಡಿಸಿದ್ರು, ನನಗೆ ಡೌಟು.

ಹಳೇಮೇಷ್ಟ್ರು
ನಿಮ್ಮ ಡೌಟೇ ಸರಿ. ದೂರ ಬೇಡ. 120 ಕಿಮೀ ಅಂತ ಇಟ್ಟುಕೊಳ್ಳಿ: ಹೋಗೋಕೆ 2 ಗಂಟೆ, ಬರೋಕೆ 3. 240 ಭಾಗಿಸು 5, ಅಂದರೆ 48. ದೂರ ದುಪ್ಪಟ್ಟಾದರೆ ಸಮಯವೂ ದುಪ್ಪಟ್ಟಾಗುತ್ತೆ, ಮತ್ತೆ 48. 50 ಅಂದವರು ಬೆಂಚ್ ಮೇಲೆ ನಿಲ್ಲಬೇಕು. ಉತ್ತರ ಎ.

ಫಿಲ್ಟರ್‌ಕಾಪಿ
ದಾರೀಲಿ ಮದ್ದೂರು ವಡೆಗೆ ನಿಲ್ಲಿಸಿದ್ರೆ?

ಮೈಸೂರು_ಪಾಕ
ಎಕ್ಸ್‌ಪ್ರೆಸ್‌ವೇ ಈಗ ಮದ್ದೂರು ಊರೊಳಗೆ ಹೋಗಲ್ಲ ಸ್ವಾಮಿ. ವಡೆ ಬೇಕು ಅಂದ್ರೆ ಕೆಳಗಿಳೀಬೇಕು.

ಫಿಲ್ಟರ್‌ಕಾಪಿ
ಅದಕ್ಕೇ ನಾನು ರೈಲಲ್ಲಿ ಹೋಗೋದು. ವಡೆ ಸೀಟಿಗೇ ಬರುತ್ತೆ.

ಸೊನ್ನೆ
ನಿಲ್ಲಿಸಿದ ಹೊತ್ತು ಸರಾಸರಿ ವೇಗದಲ್ಲೇ ಸೇರಿಹೋಗಿದೆ. ಮೈಸೂರಲ್ಲಿ ಉಳಿದ ಹೊತ್ತು ಪ್ರಯಾಣ ಅಲ್ಲ. ವಡೆ ತಿನ್ನಿ, ಉತ್ತರ ಎ ಆಗೇ ಇರುತ್ತೆ.

ನಿರ್ವಾಹಕ
ವಡೆ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಲೆಕ್ಕ ಮಾತ್ರ.

ಬಿಕಾಂ_ಹುಡುಗಿ
ಒಂದು ಡೌಟು. ನಾನು ಒಂದು ಪ್ರಶ್ನೆ ಮಾಡಿದೆ. ಮೊದಲನೇ ಹೇಳಿಕೆಯಿಂದ ಉತ್ತರ 12, ಎರಡನೇದರಿಂದ 15 ಬಂತು. ಎರಡೂ ಒಂದೊಂದೇ ಉತ್ತರ ಕೊಟ್ಟವು ಅಂತ ಡಿ ಹಾಕಬಹುದಾ?

ಸೊನ್ನೆ
ಹಾಕೋಕೆ ಮುಂಚೆ ಲೆಕ್ಕ ಮತ್ತೆ ಮಾಡಿ. ಎರಡೂ ಹೇಳಿಕೆ ಒಂದೇ ಸನ್ನಿವೇಶದ ಬಗ್ಗೆ, ಎರಡೂ ಸತ್ಯ. ಒಂದು 12, ಇನ್ನೊಂದು 15 ಬರೋಕೆ ಸಾಧ್ಯವೇ ಇಲ್ಲ. ಹಾಗೆ ಬಂತು ಅಂದ್ರೆ ಎಲ್ಲೋ ಕೂಡೋ ಕಳೆಯೋದು ಜಾರಿದೆ, ಇಲ್ಲ ಪ್ರಶ್ನೆ ತಪ್ಪು ಓದಿದೀರ. ಪರೀಕ್ಷೆಯವರು ಪುಕ್ಕಟೆ ಕೊಡೋ ತಪಾಸಣೆ ಇದು, ಬಳಸ್ಕೊಳ್ಳಿ.

ಪೇಡೆಪ್ರಿಯ
ಅಕ್ಕಾರ, ನಮ್ಮ ಕಡೆ ಸಿಗೋ ಕೆಲವು ಗೈಡ್ ಪುಸ್ತಕದಾಗ ಹಂಗ ಹೊಂದಲಾರದ ಹೇಳಿಕೆ ಬರತಾವ್ರಿ.

ಸೊನ್ನೆ
ಅಂಥ ಗೈಡನ್ನ ರದ್ದಿಗೆ ಹಾಕಿ ಅಣ್ಣ. ಕೆಟ್ಟ ಪ್ರಶ್ನೆಲಿ ಅಭ್ಯಾಸ ಮಾಡಿದ್ರೆ ಒಳ್ಳೇ ಪ್ರಶ್ನೆ ಕಂಡಾಗ ಅನುಮಾನ ಬರುತ್ತೆ. ಜಿಮ್ಯಾಟ್‌ನವರಿಗೆ ಅಧಿಕೃತ ಜಾಲತಾಣದಲ್ಲೇ 2 ಮಾಕ್ ಉಚಿತ ಇದೆ. ಅದನ್ನ ಶುರುವಲ್ಲೇ ಮುಗಿಸಿ ಕೂರಬೇಡಿ.

ರಾತ್ರಿಪಾಳಿ
ಎಲ್ಲರಿಗೂ ಥ್ಯಾಂಕ್ಸ್. ಶಿಫ್ಟ್ ಮಧ್ಯೆ ಕೂತು ಒಂದು ಪ್ರಶ್ನೆ ನಾನೇ ಮಾಡಿದೀನಿ, ಪರೀಕ್ಷಿಸಿ ನೋಡಿ.

ಬಳ್ಳಾರಿಯ ಒಂದು ಕಚೇರಿಯಲ್ಲಿ 60% ಸಿಬ್ಬಂದಿಗೆ ಕನ್ನಡ ಬರುತ್ತೆ, 70% ಸಿಬ್ಬಂದಿಗೆ ತೆಲುಗು ಬರುತ್ತೆ. ಎರಡೂ ಬರುವವರು ಎಷ್ಟು?
(1) ಎರಡೂ ಬರದವರು 10%.
(2) ಇವೆರಡರಲ್ಲಿ ಕನ್ನಡ ಮಾತ್ರ ಬರುವವರು 20%.

ಫಿಲ್ಟರ್‌ಕಾಪಿ
ಬಳ್ಳಾರಿಲಿ ಕನ್ನಡ 60% ಮಾತ್ರಾನಾ? ಯಾರ್ರೀ ಹೇಳಿದ್ದು?

ಕೆಂಗೇರಿ_ಎಕ್ಸ್‌ಪ್ರೆಸ್
ಗಣಿತ ಸ್ವಾಮಿ ಇದು, ಜನಗಣತಿ ಅಲ್ಲ. ಉತ್ತರ ಡಿ. ಮೊದಲನೇದರಿಂದ ಕನಿಷ್ಠ ಒಂದು ಬರುವವರು 90, 60 ಕೂಡಿಸು 70 ಅಂದ್ರೆ 130, ಹೆಚ್ಚುವರಿ 40. ಎರಡನೇದರಿಂದ 60ರಲ್ಲಿ 20 ತೆಗೆದ್ರೆ 40. ಎರಡೂ ಹೊಂದುತ್ತೆ.

ಕಡಲತಡಿ
40 ಏನು?

ಕೆಂಗೇರಿ_ಎಕ್ಸ್‌ಪ್ರೆಸ್
40 ಶೇಕಡಾ.

ಕಡಲತಡಿ
ಪ್ರಶ್ನೆಯಲ್ಲಿ ಶೇಕಡಾ ಎಷ್ಟು ಅಂತ ಎಲ್ಲಿ ಉಂಟು? "ಎರಡೂ ಬರುವವರು ಎಷ್ಟು" ಅಂತ ಉಂಟು. ಎಷ್ಟು ಮಂದಿ ಅಂತ ಅರ್ಥವಾದರೆ ಕಚೇರಿಯಲ್ಲಿ ಒಟ್ಟು ಎಷ್ಟು ಜನ ಅಂತ ಗೊತ್ತಿರಬೇಕು. 10 ಜನರ ಕಚೇರಿಯಾದರೆ 4, ನೂರು ಜನರದ್ದಾದರೆ 40. ಆಗ ಇ.

ರಾತ್ರಿಪಾಳಿ
ಶೇಕಡಾ ಅಂತಲೇ ನನ್ನ ಮನಸ್ಸಲ್ಲಿ ಇದ್ದಿದ್ದು.

ಹಳೇಮೇಷ್ಟ್ರು
ನಿಮ್ಮ ಮನಸ್ಸಲ್ಲಿದ್ದದ್ದು ಹೇಳಿಕೆ 1ರಲ್ಲೂ ಇಲ್ಲ, 2ರಲ್ಲೂ ಇಲ್ಲ. "ಶೇಕಡಾ ಎಷ್ಟು" ಅಂತ ತಿದ್ದಿ ಮತ್ತೆ ಹಾಕಿ, ಡಿ ಕೊಡ್ತೀನಿ. ಅಲ್ಲೀವರೆಗೂ ಕಡಲತಡಿಯವರ ಇ.